ದೀಪದ ಕೆಳಗಿನ ಹುಲ್ಲು

ಎರಡು ಸಾವಿರದ ಇಸವಿಯಲ್ಲಿ ಒಂದು ಚದರಡಿ ಹುಲ್ಲುಹಾಸಿಗೆ ನಾನು ಆರು ರೂಪಾಯಿ ಹೇಳುತ್ತಿದ್ದೆ. ಚೌಕಾಸಿ ಮಾಡಿದವರಿಗೆ ಐದೂವರೆ. ಅದರ ಮೇಲೆ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣಿಗೆ ನಾನೂರು, ಚೀಲಕ್ಕೆ ಮೂವತ್ತರಂತೆ ಹತ್ತು ಚೀಲ ಕುರಿಗೊಬ್ಬರ, ನೆಲ ಹದ ಮಾಡುವ ಹೆಣ್ಣಾಳುಗಳ ಕೂಲಿ, ಕುಣಿಗಲ್ಲಿನಿಂದ ಹುಲ್ಲು ತರುವ ಟೆಂಪೋ ಬಾಡಿಗೆ. ಸಲೀಮಾಳ ಮನೆಯ ಮುಂದಿನ ಮುನ್ನೂರು ಅಡಿಗೆ ಎಲ್ಲ ಸೇರಿ ಮೂರು ಸಾವಿರಕ್ಕೆ ಸ್ವಲ್ಪ ಕಮ್ಮಿ ಬಿತ್ತು. ಅವಳು ಮತ್ತು ಅವಳ ಮಾವ, ಇಬ್ಬರೇ ಇದ್ದ ಮನೆ ಅದು. ಆ ದುಡ್ಡಿಗೆ ಅವರಿಗೆ ಒಂದು ವರ್ಷದ ಅಕ್ಕಿ ಬರುತ್ತಿತ್ತು.

ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನೋಡುತ್ತಲೇ ಇದ್ದಳು.

"ಹುಲ್ಲಿಗೆ ದುಡ್ಡು ಕೊಡ್ತಾರೇನೇ ಸಲೀಮಾ? ನಮ್ಮ ಕೊಟ್ಟಿಗೆ ಹಿಂದೆ ಬಾ, ಬೇಕಾದಷ್ಟು ಕಿತ್ಕೊಂಡು ಹೋಗು. ಪುಕ್ಸಟ್ಟೆ."

"ಅದು ನಿಮ್ಮ ಹಸು ತಿನ್ನೋದು ಆಂಟಿ. ಇದು ಮನುಷ್ಯರು ಕೂರೋದು."

"ಮನುಷ್ಯರು ಕೂರಕ್ಕೆ ಜಗಲಿ ಇಲ್ವಾ?"

ಸಲೀಮಾ ನಕ್ಕಳು. ಯಾರು ಕೂರಲಿ ಎಂದು ಆ ಹುಲ್ಲು ಹಾಕಿಸುತ್ತಿದ್ದಾಳೆ ಎಂಬುದು ಲಕ್ಷ್ಮೀದೇವಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಕುಣಿಗಲ್ ರಸ್ತೆಯಲ್ಲಿ ಒಂದು ನರ್ಸರಿ ಇಟ್ಟುಕೊಂಡಿದ್ದೆ. ಹೆಸರು ಉಮಾಮಹೇಶ್ವರಿ ಆದರೂ ಗಿರಾಕಿಗಳಿಗೆಲ್ಲ ಉಮಕ್ಕ. ನನ್ನ ಯಜಮಾನರು ಮಹಾಲಿಂಗಯ್ಯ ಟೆಂಪೋ ಓಡಿಸುತ್ತಿದ್ದರು. ಹೂವಿನ ಕುಂಡ, ಮಣ್ಣು, ಹುಲ್ಲು ಎಲ್ಲ ಅದರಲ್ಲೇ ಸಾಗುತ್ತಿತ್ತು. ಸಲೀಮಾ ಗುಬ್ಬಿಯ ಬಳೆ ಅಂಗಡಿಯವರ ಮಗಳು. ಮದುವೆಯಾಗಿ ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ಈ ಮನೆಗೆ ಬಂದಿದ್ದಳು. ಮಾವ ಇಸಾಕ್ ಸಾಬರು ಸುತ್ತಮುತ್ತಲ ಮದುವೆ, ಉರುಸು, ಗಣೇಶನ ಪೆಂಡಾಲು ಎಲ್ಲದಕ್ಕೂ ಲೈಟು, ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವರು. ಬೆಳ್ಳಾವಿಯಲ್ಲಿ ನನ್ನ ಮದುವೆಗೆ ಸೀರಿಯಲ್ ಸೆಟ್ಟು ಕಟ್ಟಿದ್ದೂ ಅವರೇ. ವಯಸ್ಸಾಗಿ ಮಂಡಿ ನೋವು ಬಂದ ಮೇಲೆ ಅಂಗಡಿ ಮುಚ್ಚಿದರು. ಅಂಗಳದಲ್ಲಿ ಪೇರಿಸಿಟ್ಟಿದ್ದ ಬಿದಿರು, ಟ್ಯೂಬ್‌ಲೈಟ್ ಕಟ್ಟುವ ಚೌಕಟ್ಟುಗಳನ್ನು ಮಾರಿದಾಗ ಮನೆ ಮುಂದೆ ಅಷ್ಟಗಲ ಜಾಗ ಬಯಲಾಯಿತು.

ಅವರ ಒಬ್ಬನೇ ಮಗ ಸಾದಿಕ್. ಮದುವೆಯಾದ ಮರುವರ್ಷವೇ, ತೊಂಬತ್ತಾರರಲ್ಲಿ, ಸೌದಿಯ ದಮಾಮಿಗೆ ಹೋದ. ಅಲ್ಲಿ ಯಾರೋ ದೊಡ್ಡ ಸಾಹುಕಾರರ ಬಂಗಲೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ತೊಂಬತ್ತೆಂಟರಲ್ಲಿ ರಜೆಯ ಮೇಲೆ ಬಂದಾಗ ಆ ಬಂಗಲೆಯ ಹುಲ್ಲುಹಾಸಿನ ಸುದ್ದಿಯನ್ನೇ ಹೇಳಿದ್ದನಂತೆ. ಸುತ್ತ ಮರಳು, ನಡುವೆ ಹಾಸಿಗೆಯಂಥ ಹಸಿರು. ಸಂಜೆ ನೀರು ಬಿಡುವುದು ಇವನ ಪಾಲಿಗೆ ಬಂದ ಹೆಚ್ಚಿನ ಕೆಲಸ. ಆದರೆ ಅದರ ಮೇಲೆ ಕಾಲಿಡುವಂತಿಲ್ಲ. ಹೊರಡುವ ದಿನ ಬ್ಯಾಗು ಎತ್ತಿಕೊಳ್ಳುತ್ತಾ, "ನಮ್ಮನೆ ಮುಂದೆ ಅಂಥದ್ದೊಂದು ಇದ್ದಿದ್ರೆ ಯಾರು ಹೋಗ್ತಿದ್ರು ಬುಡು," ಎಂದು ನಕ್ಕಿದ್ದ.

ಅವನು ತಮಾಷೆಗೆ ಅಂದಿದ್ದು. ಅವಳು ಅದನ್ನು ಎರಡು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು.

"ಈ ಆಗಸ್ಟಿಗೆ ಬರ್ತಾರಕ್ಕ," ಎಂದು ನರ್ಸರಿಗೆ ಬಂದು ಹೇಳಿದಳು. "ಅಷ್ಟೊತ್ತಿಗೆ ಹುಲ್ಲು ಹಸಿರಾಗಿರ್ಬೇಕು. ಅದನ್ನ ನೋಡಿದ್ರೆ ವಾಪಸ್ ಹೋಗಲ್ಲ."

"ಹುಲ್ಲು ನೋಡಿ ಉಳ್ಕೊಳಕ್ಕೆ ಅವ್ನೇನು ಎತ್ತೇನೇ?" ಎಂದೆ.

ಅವಳು ನಗಲಿಲ್ಲ. ನಾನೂ ಅಳತೆ ಟೇಪು ಕೈಗೆ ತೆಗೆದುಕೊಂಡೆ.

ಶಿವರಾತ್ರಿ ಕಳೆದ ಮೇಲೆ ಹುಲ್ಲು ಹಾಸಿದೆವು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಸಲೀಮಾ ಅಕ್ಕಿ ತೊಳೆದ ನೀರನ್ನೂ ಹೊರಗೆ ಚೆಲ್ಲಲಿಲ್ಲ. ಇಸಾಕ್ ಸಾಬರು ನಮಾಜಿಗೆ ಮುಂಚೆ ವಜೂ ಮಾಡುವ ಕಟ್ಟೆಯಿಂದ ಒಂದು ಪೈಪು ಎಳೆದು ಹುಲ್ಲಿಗೇ ಬಿಟ್ಟರು. ದಿನಕ್ಕೆ ಐದು ಹೊತ್ತು ಅವರು ಕೈಕಾಲು ಮುಖ ತೊಳೆದ ನೀರು ಆ ಹುಲ್ಲಿಗೆ ಹೋಗುತ್ತಿತ್ತು. "ಜುಮ್ಮಾ ದಿವ್ಸ ಸ್ವಲ್ಪ ಜಾಸ್ತಿ ತೊಳ್ಕೋತೀನಿ ಉಮಮ್ಮ," ಎನ್ನುತ್ತಿದ್ದರು. ಏಪ್ರಿಲ್ ಹೊತ್ತಿಗೆ ಬೀದಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಹಸಿರಾಯಿತು. ನನಗೆ ಅದರಿಂದಲೇ ಇನ್ನೆರಡು ಗಿರಾಕಿ ಸಿಕ್ಕರು.

ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ವಾರವೇ ಸಲೀಮಾ ಓಡಿ ಬಂದಳು. ಬುರ್ಖಾದ ಮೇಲಿನ ಗುಂಡಿ ಕೂಡ ಹಾಕಿರಲಿಲ್ಲ.

"ಅಕ್ಕ, ಹುಲ್ಲು ಎದ್ದು ಎದ್ದು ಬರ್ತಾ ಇದೆ."

ಹೋಗಿ ನೋಡಿದೆ. ಗೇಟಿನ ಕಡೆಯ ಅರ್ಧ ಭಾಗದಲ್ಲಿ ನೆಲದ ಮೇಲೆ ಬೆರಳು ದಪ್ಪದ ಗೆರೆಗಳು ಉಬ್ಬಿದ್ದವು. ಹಾವು ಹರಿದಾಡಿದ ಹಾಗೆ ಅಡ್ಡಾದಿಡ್ಡಿ. ಗೆರೆಯ ಮೇಲಿನ ಹುಲ್ಲು ಬಾಡಿ ಹಳದಿಯಾಗಿತ್ತು. ಮನೆ ಗೋಡೆಯ ಕಡೆಯ ಅರ್ಧ ಮಾತ್ರ ಚೆನ್ನಾಗಿತ್ತು.

"ಇಲಿ ಕೆಲ್ಸ," ಎಂದರು ಇಸಾಕ್ ಸಾಬರು.

"ಇಲಿ ಅಲ್ಲ, ಎರೆಹುಳ. ಒಳ್ಳೇದು, ಭೂಮಿಗೆ ತಂಪು," ಎಂದಳು ಕಾಂಪೌಂಡಿನ ಮೇಲಿಂದ ಲಕ್ಷ್ಮೀದೇವಮ್ಮ.

ನಾನು ಚಪ್ಪಲಿ ಬಿಟ್ಟು ಮೇಲೆ ನಡೆದೆ. ಬನ್ನಿನ ಮೇಲೆ ಕಾಲಿಟ್ಟ ಹಾಗೆ ಹಿಮ್ಮಡಿ ಒಳಗಿಳಿಯಿತು. ಇಲಿಯಾದರೆ ಬಿಲ ಮುಷ್ಟಿಯಷ್ಟಿರುತ್ತದೆ. ಒಂದು ಹಿಡಿ ಹುಲ್ಲು ಹಿಡಿದು ಎಳೆದು ನೋಡಿದೆ. ಗೊಣ್ಣೆಹುಳ ಬೇರು ತಿಂದಿದ್ದರೆ ಚಾಪೆ ಎತ್ತಿದ ಹಾಗೆ ಹುಲ್ಲು ಪೂರ್ತಿ ಕೈಗೆ ಬರುತ್ತದೆ. ಇಲ್ಲಿ ಹಾಗೆ ಬರಲಿಲ್ಲ.

"ಒಂದು ಬಕೆಟ್ ನೀರು ತಗೊಂಡ್ಬಾ. ಬಟ್ಟೆ ಸೋಪಿನ ಪುಡಿ ಒಂದು ಹಿಡಿ ಹಾಕಿ ಕಲಸು."

ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಒಮ್ಮೆ ಬಟ್ಟೆ ಒಗೆದ ನೀರು ಚೆಲ್ಲಿದಾಗ ನೆಲದೊಳಗಿಂದ ಎದ್ದು ಬಂದದ್ದನ್ನು ಕಂಡು ಕಲಿತದ್ದು. ಒಂದು ಗಜದಷ್ಟು ಜಾಗದ ಮೇಲೆ ನೊರೆನೀರು ಹುಯ್ದು ಸುತ್ತ ಕೂತೆವು. ನೀರು ಇಂಗಿತು. ಏನೂ ಇಲ್ಲ. "ನಾನು ಹೇಳ್ಲಿಲ್ವಾ," ಎಂದು ಲಕ್ಷ್ಮೀದೇವಮ್ಮ ಬಾಯಿ ತೆಗೆಯುವಷ್ಟರಲ್ಲಿ ಹುಲ್ಲು ಅಲುಗಿತು. ಒಂದು ಹೆಬ್ಬೆರಳು ಉದ್ದದ, ಕಂದು ಬಣ್ಣದ ಹುಳ ತಡಬಡಿಸುತ್ತಾ ಮೇಲೆ ಬಂತು. ಹಿಂದೆಯೇ ಇನ್ನೊಂದು. ಆಮೇಲೆ ಇನ್ನೂ ಹಲವು.

"ಯಾ ಅಲ್ಲಾ, ಇದೇನಿದು, ಸೀಗಡಿ ಇದ್ದಂಗಿದೆ!" ಎಂದರು ಸಾಬರು.

"ಚಿಮ್ಮಂಡೆ. ಮಣ್ಣೊಳಗಿರೋ ಚಿಮ್ಮಂಡೆ. ಮುಂಗಾಲು ನೋಡಿ ಸಾಬ್ರೆ, ಸನಿಕೆ ಇದ್ದಂಗಿಲ್ವಾ?"

ಒಂದನ್ನು ಹಿಡಿದು ಮುಷ್ಟಿಯೊಳಗೆ ಇಟ್ಟುಕೊಂಡೆ. ಎಷ್ಟು ಬಿಗಿ ಹಿಡಿದರೂ ಬೆರಳ ಸಂದಿಯನ್ನು ಅಗಲಿಸಿ ಹೊರಗೆ ಬರಲು ನೋಡುತ್ತದೆ. ಅಷ್ಟು ಬಲ ಆ ಕಾಲಿಗೆ. ಬೆಳ್ಳಾವಿಯ ನಮ್ಮ ಅತ್ತೆ ಮನೆಯಲ್ಲಿ ರಾಗಿ ಸಸಿಯ ಒಟ್ಲು ಹಾಕಿದಾಗ ಇವು ಬುಡ ಕತ್ತರಿಸುತ್ತಿದ್ದವು. ಹಗಲು ಆಳದಲ್ಲಿ ಇರುತ್ತವೆ, ಕತ್ತಲಾದ ಮೇಲೆ ಮೇಲಿನ ಪದರಕ್ಕೆ ಬಂದು ಬೇರು ತಿಂದು ಮಣ್ಣು ಸಡಿಲ ಮಾಡುತ್ತವೆ. ಬೇರಿಗೆ ಮಣ್ಣಿನ ಹಿಡಿತ ತಪ್ಪಿದರೆ ನೀರು ಎಷ್ಟು ಹಾಕಿದರೂ ಹುಲ್ಲು ಒಣಗುವುದೇ.

ಮೇಲೆ ಬಂದವನ್ನೆಲ್ಲ ಹೆಕ್ಕಿದೆವು. ಸಂಜೆ ಹುಲ್ಲಿಗೆ ನೀರು ಹಾಕಿ, ತೌಡಿಗೆ ಬೆಲ್ಲದ ನೀರು ಕಲಸಿ, ಗೊಬ್ಬರದಂಗಡಿಯಲ್ಲಿ ಕೊಟ್ಟ ಔಷಧಿ ಬೆರೆಸಿ ಗೆರೆಗಳ ಉದ್ದಕ್ಕೂ ಉದುರಿಸಿದೆವು. ಕೋಳಿಗಳನ್ನು ಆಚೆ ಬಿಡಬೇಡ ಎಂದು ಲಕ್ಷ್ಮೀದೇವಮ್ಮನಿಗೆ ಕೈ ಮುಗಿದು ಹೇಳಿದೆ. ಬೆಳಗ್ಗೆ ಸತ್ತ ಹುಳುಗಳು ಕಂಡವು. ಉಬ್ಬಿದ ಗೆರೆಗಳನ್ನು ಸಲೀಮಾ ಬರಿಗಾಲಲ್ಲಿ ತುಳಿದು ತುಳಿದು ಕೂರಿಸಿದಳು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ನಾಲ್ಕು ದಿನಕ್ಕೆ ಮತ್ತೆ ಬಂದಳು. ಮತ್ತೆ ಗೆರೆ, ಅದೇ ಗೇಟಿನ ಕಡೆ. ಮತ್ತೆ ತೌಡು, ಬೆಲ್ಲ. ಬೇವಿನ ಹಿಂಡಿಯನ್ನೂ ಚೆಲ್ಲಿದೆವು. ಸತ್ತಷ್ಟೂ ಹೊಸದು. ನನಗೆ ನಾಚಿಕೆಯಾಗತೊಡಗಿತು. ನಾನು ಹಾಕಿಸಿದ ಹುಲ್ಲು ಅದು.

ಸಾದಿಕ್ ಶುಕ್ರವಾರ ಫೋನು ಮಾಡುತ್ತಿದ್ದ. ಫೋನಿದ್ದದ್ದು ಲಕ್ಷ್ಮೀದೇವಮ್ಮನ ಮನೆಯಲ್ಲಿ. ನಾನು ಮೂರನೇ ಸಲ ಹಿಂಡಿ ತಂದ ದಿನ ಶುಕ್ರವಾರವೇ ಆಗಿತ್ತು; ಕರೆ ಬಂದಾಗ ನನ್ನನ್ನೂ ಎಳೆದುಕೊಂಡು ಹೋದರು. ಮೊದಲು ಇಸಾಕ್ ಸಾಬರು ರಿಸೀವರ್ ಹಿಡಿದು, ದಮಾಮಿಗೆ ನೇರವಾಗಿ ಕೇಳಿಸಲಿ ಎನ್ನುವಂತೆ ಕೂಗಿ ಮಾತಾಡಿದರು. ಆಮೇಲೆ ಲಕ್ಷ್ಮೀದೇವಮ್ಮ ಕಿತ್ತುಕೊಂಡಳು.

"ಏನ್ಲಾ ಸಾದಿಕ್, ಅಲ್ಲಿ ಚಿನ್ನ ಗ್ರಾಮಿಗೆ ಎಷ್ಟ್ಲಾ ಈಗ? ...ಹೌದಾ? ನಿನ್ನ ಹೆಂಡ್ತಿ ಇಲ್ಲಿ ಚಿನ್ನ ಎಲ್ಲ ಹುಲ್ಲಿಗೆ ಹಾಕ್ತಾವ್ಳೆ ಕಣೋ!"

ಕೊನೆಗೆ ರಿಸೀವರ್ ಸಲೀಮಾಳ ಕೈಗೆ ಬಂದಾಗ ಲಕ್ಷ್ಮೀದೇವಮ್ಮನ ಮನೆಯ ಮಂದಿಯೆಲ್ಲ ಟೀವಿ ಸದ್ದು ತಗ್ಗಿಸಿ ಅವಳನ್ನೇ ನೋಡುತ್ತಿದ್ದರು. ಅವಳು ಗೋಡೆ ಕಡೆ ತಿರುಗಿದಳು.

"ಹ್ಞೂಂ... ಚೆನ್ನಾಗಿದೀನಿ... ದುಡ್ಡಾ? ಸಾಕಾಗ್ತಾ ಇದೆ. ಹುಲ್ಲಿಗೆ ಔಷಧಿ ಖರ್ಚು ಸ್ವಲ್ಪ... ಇಲ್ಲ, ಇಲ್ಲ, ಆಗುತ್ತೆ... ಏನು? ಏನೋ ಕೇಳ್ಬೇಕು ಅಂದ್ರಲ್ಲ?"

ಲೈನು ಅಲ್ಲಿಗೆ ಕಟ್ಟಾಯಿತು. ಅವಳು ರಿಸೀವರನ್ನು ಸೆರಗಿನಲ್ಲಿ ಒರೆಸಿ ಇಟ್ಟಳು.

"ಹೋಗ್ಬೇಡಿ, ಬಂದು ಇಲ್ಲೇ ಇರಿ ಅಂತ ಹೇಳ್ಬಾರ್ದೇನೇ?" ಎಂದೆ, ಹೊರಗೆ ಬಂದ ಮೇಲೆ.

"ಅಷ್ಟು ಜನದ ಮುಂದೇನಾ?"

"ಹಂಗಾದ್ರೆ ಕಾಗದ ಬರಿ."

"ಅಕ್ಕ, ನಾನು ಹೇಳಿ ಅವ್ರು ಉಳ್ಕೊಂಡ್ರೆ, ನಾಳೆ ಕಷ್ಟ ಬಂದಾಗ ನೀನು ಹೇಳಿದ್ದಕ್ಕೆ ಉಳ್ಕೊಂಡೆ ಅಂತಾರೆ. ಅವ್ರಿಗೇ ಅನ್ನಿಸ್ಬೇಕು. ಅವ್ರಿಗೇ ಮನಸಾಗ್ಬೇಕು."

ಸಂಜೆಯವರೆಗೂ ಅಲ್ಲೇ ಉಳಿದೆ. ಈ ಹುಳುಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಕಣ್ಣಾರೆ ನೋಡಿಯೇ ಹೋಗಬೇಕೆಂದು ಹಟ ಬಂದಿತ್ತು.

ಮಳೆ ಬಂದು ನಿಂತಿತ್ತು, ನೆಲ ಒದ್ದೆ. ಹೊತ್ತು ಮುಳುಗಿದ್ದೇ ತಡ ಹುಲ್ಲಿನೊಳಗಿಂದ ಸದ್ದು ಶುರುವಾಯಿತು. ಗಂಟಲಿನಾಳದ ಒಂದೇ ಸಮನಾದ ಗುರ್ರ್ ಸದ್ದು, ಉಸಿರೇ ತೆಗೆದುಕೊಳ್ಳದ ಹಾಗೆ. ಸದ್ದಿನ ಜಾಡು ಹಿಡಿದು ಬಾಗಿ ನೋಡಿದರೆ ನೆಲದಲ್ಲೊಂದು ಸಣ್ಣ ಬಾಯಿ, ಹೊರಕ್ಕೆ ಅಗಲ, ಒಳಗೆ ಕಿರಿದು.

"ಮೈಕ್ ಹಾರ್ನ್!" ಎಂದು ಇಸಾಕ್ ಸಾಬರು ಮಂಡಿ ನೋವು ಮರೆತು ಕುಕ್ಕರುಗಾಲಲ್ಲಿ ಕೂತರು. "ನೋಡಮ್ಮ ಹೆಂಗೆ ಮಾಡ್ಕೊಂಡವ್ನೆ. ಅಳತೆ ತಪ್ಪಿಲ್ಲ. ನಮ್ಮ ಅಂಗಡೀಲಿ ಕೆಲ್ಸಕ್ಕೆ ಇಟ್ಕೊಬೋದಿತ್ತು."

"ಯಾರನ್ನ ಕರೀತದೆ ಇದು?" ಸಲೀಮಾ ಕೇಳಿದಳು.

"ಹೆಣ್ಣನ್ನ," ಎಂದೆ. "ಗಂಡು ಇಲ್ಲಿ ಕೂತು ಕೂಗುತ್ತೆ. ಮೇಲೆ ಹಾರಾಡ್ತಿರೋ ಹೆಣ್ಣು ಕೇಳಿ ಇಳಿಯುತ್ತೆ."

"ಎಷ್ಟು ದೂರ ಕೇಳ್ಸುತ್ತೆ?"

"ಬೀದಿ ಕೊನೇವರ್ಗೂ ಕೇಳ್ಸುತ್ತೆ."

ಅವಳು ಆ ಬಾಯಿಯನ್ನೇ ನೋಡುತ್ತಾ ಕೂತಳು. "ಅಷ್ಟೊಂದು ಕೂಗಕ್ಕೆ ನಾಚ್ಕೆ ಆಗಲ್ವಾ ಅದಕ್ಕೆ," ಎಂದು ಮೆಲ್ಲಗೆ ಹೇಳಿದಳು.

ಅಷ್ಟರಲ್ಲಿ ಮಸೀದಿಯಿಂದ ಮಗ್ರಿಬ್ ನಮಾಜಿನ ಬಾಂಗ್ ಕೇಳಿಸಿತು. ಇಸಾಕ್ ಸಾಬರು ಎದ್ದು ಹೋಗಿ ಗೇಟಿನ ದೀಪ ಹಾಕಿದರು.

ಈ ದೀಪದ ವಿಷಯ ಹೇಳಬೇಕು. ಲೈಟಿಂಗ್ ಕೆಲಸದ ಆ ಮನೆಯಲ್ಲಿ ಹಳೆಯದೊಂದು ಪದ್ಧತಿ. ಊರ ಮದುವೆ, ಉರುಸು ಬೆಳಗಲು ಹೋದ ಗಂಡಸು ಬೆಳಗಿನ ಜಾವ ವಾಪಸು ಬರುವಾಗ ಅವನ ಸ್ವಂತ ಮನೆ ಕತ್ತಲಲ್ಲಿರಬಾರದು. ಅವನು ಹೊರಗಿರುವಷ್ಟು ದಿನ ಗೇಟಿನ ದೀಪ ಸಂಜೆಯಿಂದ ಬೆಳಕು ಹರಿಯುವವರೆಗೆ ಉರಿಯಬೇಕು. ಮನೆಗೆ ಬಂದವನು ತಾನೇ ಅದನ್ನು ಆರಿಸಿ ಒಳಗೆ ಹೋಗಬೇಕು. ಸಾದಿಕ್ ದಮಾಮಿಗೆ ಹೋದ ರಾತ್ರಿ ಸಾಬರು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮರ್ಕ್ಯುರಿ ದೀಪ ತಂದು ಗೇಟಿನ ಕಂಬಕ್ಕೆ ಕಟ್ಟಿದರು. ದೂರದ ಪ್ರಯಾಣಕ್ಕೆ ದೊಡ್ಡ ದೀಪ ಎಂದು ಅವರ ಲೆಕ್ಕ. ಅದರ ನೀಲಿ ಬಿಳಿ ಬೆಳಕು ಗುಬ್ಬಿ ಗೇಟಿನ ಸರ್ಕಲ್ಲಿಗೂ ಕಾಣುತ್ತಿತ್ತು. ಬೀದಿಯವರು ವಿಳಾಸ ಹೇಳುವುದೂ ಆ ದೀಪದಿಂದಲೇ.

ದೀಪ ಮಿಣುಕಿ ಮಿಣುಕಿ ಪೂರ್ತಿ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಟಪ್ ಎಂದು ಏನೋ ಬಿತ್ತು. ನೋಡಿದರೆ ಚಿಮ್ಮಂಡೆ. ರೆಕ್ಕೆ ಮಡಚಿಕೊಂಡು ಸರಸರ ಓಡಿ ಹುಲ್ಲಿನೊಳಗೆ ಮಾಯವಾಯಿತು. ಟಪ್, ಇನ್ನೊಂದು. ದೀಪದ ಸುತ್ತ ಸುತ್ತಿ, ಬಲ್ಬಿಗೆ ಹಣೆ ಬಡಿದುಕೊಂಡು, ಕೆಳಗೆ ಬಿದ್ದು, ಮೆತ್ತಗಿನ ಒದ್ದೆ ಮಣ್ಣು ಕಂಡು ಒಳಗೆ ಇಳಿಯುತ್ತಿದ್ದವು. ಗುಬ್ಬಿ ಗೇಟಿನ ಆಚೆಯ ಹೊಲಗಳಿಂದೆಲ್ಲ ಅವನ್ನು ನಾವೇ ಕರೆಸುತ್ತಿದ್ದೆವು. ಗೋಡೆ ಕಡೆಯ ಹುಲ್ಲು ಯಾಕೆ ಚೆನ್ನಾಗಿದೆ ಎಂಬುದೂ ಆಗ ತಿಳಿಯಿತು. ಹುಳು ಬೀಳುತ್ತಿದ್ದುದು ದೀಪದ ಬುಡದಲ್ಲೇ, ಗೋಡೆಯವರೆಗೆ ಬರುತ್ತಿರಲಿಲ್ಲ.

ನಾನು ಸಲೀಮಾಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು.

"ನಿಂಗೆ ಗೊತ್ತಿತ್ತಾ?"

"ಹೋದ್ವಾರ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಇರ್ಲಿಲ್ವಲ್ಲ, ಆಗ ಒಂದೂ ಬರ್ಲಿಲ್ಲ ಅಕ್ಕ."

"ಮತ್ತೆ ಹೇಳಕ್ಕೇನಾಗಿತ್ತು? ನಂಗೆ ಹಿಂಡಿ ಹೊರಿಸ್ತಾ ಇದ್ದೀಯಲ್ಲ!"

"ದೀಪ ಆರ್ಸಿ ಅಂತ ಅಬ್ಬಾಗೆ ಹೆಂಗೆ ಹೇಳ್ಲಿ?"

ಸಾಬರು ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನೇ ಅವರ ಹತ್ತಿರ ಹೋದೆ. ಹೊರಗಿನವಳು ನಾನು, ಬೈದರೂ ನಾಳೆ ಮರೆಯುವ ಸಂಬಂಧ.

"ಸಾಬ್ರೆ, ಹುಳ ಕರೆಯೋದು ನಿಮ್ಮ ದೀಪ."

"ಗೊತ್ತು ತಾಯಿ," ಎಂದರು. "ಐವತ್ತು ವರ್ಷ ಲೈಟ್ ಕಟ್ಟಿದೀನಿ. ಬೆಳ್ಳಗಿನ ಲೈಟಿಗೆ ಹುಳ ಮುತ್ತೋದು ನಂಗೊತ್ತಿಲ್ವಾ? ಊಟದ ಪೆಂಡಾಲಿಗೆ ಅದಕ್ಕೇ ಹಳದಿ ಬಲ್ಬ್ ಕಟ್ತಿದ್ದೆ, ಸಾರಿಗೆ ಹುಳ ಬೀಳ್ಬಾರ್ದು ಅಂತ."

"ಮತ್ತೆ?"

"ಮತ್ತೆ ಏನು. ಹುಲ್ಲು ಹೋದ್ರೆ ಇನ್ನೊಂದು ಹಾಕ್ಬೋದು ಅಂದ್ಕೊಂಡೆ."

ಸಲೀಮಾ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಮಾವನ ಎದುರು ಅವಳು ಹೆಚ್ಚು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಅಬ್ಬಾ, ದೀಪಾನೂ ಅವ್ರಿಗೇ, ಹುಲ್ಲೂ ಅವ್ರಿಗೇ. ಎರಡೂ ಒಟ್ಟಿಗೆ ಇರಲ್ಲ. ದೀಪ ನಾಲ್ಕು ವರ್ಷದಿಂದ ಉರೀತಾ ಇದೆ. ಅವ್ರು ಬಂದ್ರು, ಆರಿಸಿದ್ರು, ತಿರುಗಾ ಹೋದ್ರು. ಈ ಸಲ ಹುಲ್ಲು ನೋಡೋಣ."

ಮುದುಕರು ಗಡ್ಡ ನೀವಿಕೊಂಡರು. ದೀಪದ ಕಡೆ ನೋಡಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ.

"ಏಣಿ ಹಿಡ್ಕೊಳಮ್ಮ," ಎಂದರು.

ದೀಪ ಬಿಚ್ಚಿ ಇಳಿಸಿದರೂ ಮೂಲೆಗೆ ಹಾಕಲಿಲ್ಲ, ಇನ್ನೂ ಚೆಂದದ ಕೆಲಸ ಮಾಡಿದರು. ಮಾರನೆಯ ದಿನ ಆ ಮರ್ಕ್ಯುರಿ ದೀಪವನ್ನು ಬೀದಿಯ ಕೊನೆಯ ಖಾಲಿ ಸೈಟಿಗೆ ವೈರು ಎಳೆದು ಕಟ್ಟಿ, ಕೆಳಗೆ ದೊಡ್ಡ ಟಬ್ಬಿನಲ್ಲಿ ಸೋಪಿನ ನೀರು ಇಟ್ಟೆವು. ಉರುಸಿಗೆ ಲೈಟು ಕಟ್ಟುವ ಹುಮ್ಮಸ್ಸಿನಲ್ಲಿ ಸಾಬರು ಕಂಬ ಇಲ್ಲಿ, ಕಂಬ ಅಲ್ಲಿ ಎಂದು ನಮ್ಮ ಯಜಮಾನರನ್ನು ಓಡಾಡಿಸಿಬಿಟ್ಟರು. ಹಾರಿ ಬರುವ ಚಿಮ್ಮಂಡೆಗಳೆಲ್ಲ ಅಲ್ಲಿಗೆ ಹೋಗಿ ಟಬ್ಬಿಗೆ ಬಿದ್ದವು. ಬೆಳಗ್ಗೆ ಲಕ್ಷ್ಮೀದೇವಮ್ಮ ಅವನ್ನು ಜರಡಿಯಲ್ಲಿ ತೊಳೆದು ಕೋಳಿಗಳಿಗೆ ಹಾಕಿದಳು. "ಮೊಟ್ಟೆ ದಪ್ಪ ಆಗವೆ ಕಣೇ," ಎಂದು ಬೀಗಿದಳೇ ಹೊರತು ಒಂದು ಮೊಟ್ಟೆ ಯಾರಿಗೂ ಕೊಡಲಿಲ್ಲ. ಮನೆ ಗೇಟಿಗೆ ಸಾಬರು ಒಂದು ಸಣ್ಣ ಹಳದಿ ಬಲ್ಬು ಹಾಕಿದರು. ಎರಡು ಮನೆ ಆಚೆಯಿಂದ ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ.

ಹಾರುವ ಕಾಲ ಮುಗಿದ ಮೇಲೆ ಮರ್ಕ್ಯುರಿ ದೀಪ ಇಳಿಸಿದರು. ಆದರೆ ಆಗಲೇ ಇಳಿದಿದ್ದ ಹೆಣ್ಣುಗಳು ಮೊಟ್ಟೆ ಇಟ್ಟಿದ್ದವು. ಗೇಣಾಳ ಅಗೆದಾಗ ನಿಂಬೆಹಣ್ಣು ಹಿಡಿಸುವಷ್ಟು ಪೊಟರೆ, ಒಳಗೆ ಸಬ್ಬಕ್ಕಿಯಂಥ ಮೊಟ್ಟೆ ರಾಶಿ, ಪಕ್ಕದಲ್ಲೇ ತಾಯಿ. ಎಲ್ಲವನ್ನೂ ಅಗೆಯುತ್ತಾ ಹೋದರೆ ಹುಲ್ಲೇ ಉಳಿಯುವುದಿಲ್ಲ. ಅದಕ್ಕೇ ಕಾದೆವು. ಜೂನ್ ಕೊನೆಯಲ್ಲಿ ಸೋಪಿನ ನೀರು ಹುಯ್ದಾಗ ಇರುವೆಗಿಂತ ಸ್ವಲ್ಪ ದೊಡ್ಡ, ರೆಕ್ಕೆಯಿಲ್ಲದ ಮರಿಗಳು ಎದ್ದವು. ಆಗ ತೌಡು ಬೆಲ್ಲ ಹಾಕಿದೆವು. ಬಲಿತವಕ್ಕೆ ಎಷ್ಟು ಹಾಕಿದರೂ ಸಾಲದು, ಮರಿಗಳಿಗೆ ಸ್ವಲ್ಪವೇ ಸಾಕು. ಸಮಯ ನೋಡಿ ಹಾಕಬೇಕು, ಅಷ್ಟೇ. ಜುಲೈನಲ್ಲಿ ಸಲೀಮಾ ಒಳ್ಳೆಯ ಕಡೆಯಿಂದ ಹುಲ್ಲಿನ ಕುಡಿ ಕಿತ್ತು ಬೋಳಾದ ಕಡೆ ಊರಿದಳು. ಮಳೆಗೆ ಅದು ಹಬ್ಬಿಕೊಂಡಿತು.

ಆಗಸ್ಟಿನ ಒಂದು ಸಂಜೆ ಸಾದಿಕ್ ಬಂದ. ಮರುದಿನ ನಾನು ಹುಲ್ಲು ನೋಡುವ ನೆಪದಲ್ಲಿ ಹೋದೆ. ಹೋಗದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವನು ಲುಂಗಿ ಉಟ್ಟು, ಹುಲ್ಲಿನ ಮೇಲೆ ಅಂಗಾತ ಮಲಗಿದ್ದ. ಎರಡೂ ಅಂಗಾಲನ್ನು ಹುಲ್ಲಿಗೆ ಉಜ್ಜುತ್ತಿದ್ದ. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು.

"ಉಮಕ್ಕ, ನಿನ್ನೆ ಆಟೋದವ್ನು ಮನೆ ದಾಟಿಸಿ ಕರ್ಕೊಂಡೋಗ್ಬಿಟ್ಟ. ಬೆಳ್ಳಗೆ ದೀಪ ಉರೀತಿರೋ ಮನೆ ಅಂದಿದ್ದೆ. ದೀಪಾನೇ ಇಲ್ಲ. ಅಬ್ಬಾಗೆ ಏನೋ ಆಯ್ತು ಅಂತ ಎದೆ ಧಸಕ್ಕಂತು."

"ನಂಗೇನೂ ಆಗಿಲ್ಲ. ಆಗಿದ್ದೆಲ್ಲ ಹುಳಕ್ಕೆ," ಎಂದರು ಸಾಬರು ಜಗಲಿಯಿಂದ.

ಸಲೀಮಾ ಚಹಾ ತಂದು ಕೂತಳು. ನಾನು, ಸಾಬರು ಚಿಮ್ಮಂಡೆಯ ಕಥೆಯನ್ನು ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳಿದೆವು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹುಲ್ಲನ್ನು ಅಂಗೈಯಲ್ಲಿ ಸವರಿ, "ನಮ್ಮ ಸಾಹುಕಾರ, ಆ ಕಫೀಲನ ಬಂಗಲೆ ಹುಲ್ಲು ಇದರ ಮುಂದೆ ಏನೂ ಇಲ್ಲ," ಎಂದ. ಸಲೀಮಾ ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಕಾಯುತ್ತಿದ್ದಳು. ಚಹಾ ಮುಗಿಯಿತು.

ಅವಳು ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿದಳು. ಎದ್ದಳು. ಮತ್ತೆ ಕೂತಳು.

"ಹೋಗ್ಬೇಡಿ," ಎಂದಳು. ನಮ್ಮೆಲ್ಲರ ಮುಂದೆಯೇ.

ಅವನು ಎದ್ದು ಕೂತ. ಅವಳ ಮುಖ ನೋಡಿದ, ಅಪ್ಪನ ಮುಖ ನೋಡಿದ.

"ಈಗ ಹೇಳ್ತೀಯಾ?"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮೇ ತಿಂಗಳಲ್ಲಿ ಸಾಹುಕಾರ್ರು ಕೇಳಿದ್ರು, ಇನ್ನೆರಡು ವರ್ಷ ಇರ್ತೀಯೋ ಇಲ್ಲ ಲೆಕ್ಕ ಮುಗಿಸ್ಕೊಂಡು ಹೋಗ್ತೀಯೋ ಅಂತ. ನಿನ್ನ ಕೇಳಿ ಹೇಳೋಣ ಅಂತಾನೇ ಆ ಶುಕ್ರವಾರ ಫೋನ್ ಮಾಡ್ದೆ. ನೀನು ಹುಲ್ಲಿನ ಔಷಧಿ ಖರ್ಚು ಅಂದೆ. ಲಕ್ಷ್ಮೀದೇವಮ್ಮ ಚಿನ್ನ ಎಲ್ಲ ಹುಲ್ಲಿಗೆ ಅಂದ್ರು. ಮನೆ ಚೆನ್ನಾಗಿ ಮಾಡ್ಕೋಬೇಕು ಅಂತ ಆಸೆ ಇದೆ ಇವಳಿಗೆ, ದುಡ್ಡು ಬೇಕಾಗುತ್ತೆ ಅಂದ್ಕೊಂಡೆ." ಅವನು ಹುಲ್ಲಿನ ಒಂದು ಎಸಳನ್ನು ಕಿತ್ತು ಬೆರಳಿಗೆ ಸುತ್ತಿದ. "ಸೈನ್ ಹಾಕ್ಬಿಟ್ಟೆ. ಸೈನ್ ಹಾಕಿದ್ಮೇಲೇ ರಜ ಕೊಟ್ಟಿದ್ದು."

"ನಿಮಗೇ ಉಳ್ಕೊಬೇಕು ಅನ್ಸುತ್ತೆ ಅಂತ..." ಎಂದಳು ಸಲೀಮಾ.

"ನಂಗೆ ಹೋದ ದಿನದಿಂದ ಅನ್ನಿಸ್ತಾನೇ ಇದೆ ಕಣೇ. ಯಾರಾದ್ರೂ ಬಾ ಅನ್ಲಿ ಅಂತ ಕಾಯ್ತಾ ಇದ್ದೆ."

ಇಸಾಕ್ ಸಾಬರು ಎದ್ದು ವಜೂ ಕಟ್ಟೆಗೆ ಹೋದರು. ನಮಾಜಿಗೆ ಇನ್ನೂ ಹೊತ್ತಿತ್ತು. ನಾನೂ ಚಪ್ಪಲಿ ಮೆಟ್ಟಿಕೊಂಡೆ.

ರಜೆಯ ಅಷ್ಟೂ ಸಂಜೆ ಅವರಿಬ್ಬರೂ ಆ ಹುಲ್ಲಿನ ಮೇಲೆ ಕೂತಿರುತ್ತಿದ್ದರು ಎಂದು ಲಕ್ಷ್ಮೀದೇವಮ್ಮ ಹೇಳಿದಳು. ಏನು ಮಾತಾಡುತ್ತಿದ್ದರು ಎಂದು ಎಷ್ಟು ಕತ್ತು ಚಾಚಿದರೂ ಅವಳಿಗೆ ಕೇಳಿಸಲಿಲ್ಲವಂತೆ. ಸೆಪ್ಟೆಂಬರ್ ಕೊನೆಗೆ ಅವನು ಹೋದ. ಬೆಂಗಳೂರಿನ ಏರ್‌ಪೋರ್ಟಿಗೆ ನಮ್ಮ ಟೆಂಪೋದಲ್ಲೇ. ಎರಡು ಸಾವಿರದ ಎರಡರಲ್ಲಿ ಲೆಕ್ಕ ಮುಗಿಸಿಕೊಂಡು ಪೂರ್ತಿ ಬಂದ. ಈಗ ಗುಬ್ಬಿ ಗೇಟಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಇಸಾಕ್ ಸಾಬರು ಅವನು ಬರುವುದಕ್ಕೆ ಆರು ತಿಂಗಳ ಮುಂಚೆ ತೀರಿಕೊಂಡರು.

ಹುಲ್ಲು ಉಳಿಯಿತು. ಪ್ರತಿ ಮುಂಗಾರಿಗೂ ಸಲೀಮಾ ಸೋಪಿನ ನೀರು ಹುಯ್ದು ನೋಡುತ್ತಾಳೆ, ಮರಿಗಳಿರುವಾಗಲೇ ತೌಡು ಬೆಲ್ಲ ಹಾಕುತ್ತಾಳೆ. ಈ ವಿಷಯದಲ್ಲಿ ಅವಳಿಗೆ ನಾನು ಬೇಕಿಲ್ಲ. ಹೋದದ್ದು ಇಬ್ಬರ ವಯಸ್ಸಿನ ಎರಡು ವರ್ಷ, ಮತ್ತು ಮಗನ ಕೈಯಿಂದ ಅಪ್ಪನಿಗೆ ಬೀಳಬೇಕಾಗಿದ್ದ ಒಂದು ಹಿಡಿ ಮಣ್ಣು.